ರುಜು ಮತ್ತು ರುಜುವಾತು

ಮುಂಬಯಿ–ಪುಣೆ ರೈಲುಮಾರ್ಗ ಒಂದೇ ಸಲಕ್ಕೆ ಆದದ್ದಲ್ಲ. 1858ರಲ್ಲಿ ಖಂಡಾಳಾದಿಂದ ಪುಣೆಯವರೆಗಿನ ಹಳಿ ಸಿದ್ಧವಾಯಿತು. ಘಟ್ಟದ ಕೆಳಗೆ ಖೋಪೋಲಿಯವರೆಗಿನ ಹಳಿ ಅದಕ್ಕೂ ಮೊದಲೇ ಬಂದಿತ್ತು. ನಡುವೆ ಉಳಿದದ್ದು ಭೋರ್ ಘಾಟ್. 1863ರ ಏಪ್ರಿಲ್‌ನಲ್ಲಿ ಘಟ್ಟದ ಮಾರ್ಗ ತೆರೆಯುವವರೆಗೆ ಪ್ರಯಾಣಿಕರು ಖೋಪೋಲಿಯಲ್ಲಿ ಬಂಡಿಯಿಂದ ಇಳಿದು, ಪಲ್ಲಕ್ಕಿಯಲ್ಲೋ ತಟ್ಟುಕುದುರೆಯ ಮೇಲೋ ಘಟ್ಟ ಹತ್ತಿ, ಮೇಲೆ ಮತ್ತೆ ರೈಲು ಹಿಡಿಯಬೇಕಿತ್ತು. ಎರಡೂ ಕಡೆ ಉಗಿಯಂತ್ರ. ನಡುವಿನ ದಾರಿಯಲ್ಲಿ ಮನುಷ್ಯನ ಹೆಗಲು.

ದೊಡ್ಡ ಕಂಪನಿಗಳು ತಮ್ಮ ಬ್ಯಾಂಕ್ ಖಾತೆಗಳನ್ನು ನಿರ್ವಹಿಸುವ ರೀತಿ ಕಾಗದದಿಂದ ಗಣಕಕ್ಕೆ ಬಂದ ಚರಿತ್ರೆಯನ್ನು ಓದುವಾಗ, ಲೋಣಾವಳಾದ ಪಕ್ಕದಲ್ಲೇ ನಡೆದ ಈ ಐದು ವರ್ಷಗಳ ಕಥೆ ನಮಗೆ ನೆನಪಾಗುತ್ತದೆ. ಅಲ್ಲಿಯೂ ಎರಡು ತುದಿಗಳಿಗೆ ಯಂತ್ರ ಬೇಗ ಬಂತು. ನಡುವಿನ ಘಟ್ಟ ಮಾತ್ರ ಬಹುಕಾಲ ಕೈಯಿಂದಲೇ ದಾಟಬೇಕಾಗಿತ್ತು. ಆ ಘಟ್ಟ ಯಾವುದು ಎಂಬುದೇ ಈ ಲೇಖನದ ವಿಷಯ. ಇದು ಲೆಕ್ಕಿಗರ ವಿಷಯ, ಸಾಹಿತ್ಯಾಸಕ್ತರಿಗೇನು ಎಂದು ಓದುಗರು ಕೇಳಬಹುದು. ಇದರೊಳಗೆ ಒಂದು ಭಾಷೆಯ ಪ್ರಶ್ನೆಯಿದೆ, ಒಂದು ನಂಬಿಕೆಯ ಪ್ರಶ್ನೆಯಿದೆ. ಕನ್ನಡಿಗರು ಊರು ಬಿಟ್ಟು ಬಂದು ಮಾಡಿದ ಕೆಲಸದ ಕಥೆಯೂ ಇದೆ.

ಕೈಯಿಲ್ಲದ ವ್ಯಕ್ತಿ

ಭಾಷೆಯಿಂದಲೇ ಆರಂಭಿಸೋಣ. ನಮ್ಮ ಲೆಕ್ಕದ ಮಾತುಗಳಲ್ಲಿ ಬಹಳಷ್ಟು ಮರಾಠಿಯೊಂದಿಗೆ ಹಂಚಿಕೊಂಡವು. ನಮ್ಮ ಕಿರ್ದಿ ಅವರ ಕೀರ್ದ. ನಮ್ಮ ಶಿಲ್ಕು ಅವರ ಶಿಲ್ಲಕ. ಖಾತೆ, ಜಮೆ, ಖರ್ಚು ಇಬ್ಬರಿಗೂ ಸೇರಿದವು. ಇವುಗಳ ನಡುವೆ ಒಂದು ವಿಶೇಷವಾದ ಪದವಿದೆ: ರುಜು. ಅರಬ್ಬಿಯಿಂದ ಬಂದ ಈ ಮಾತಿಗೆ ಮರಾಠಿಯಲ್ಲಿ ಹಾಜರಾಗುವುದು ಎಂಬ ಅರ್ಥ ಬಳಕೆಯಲ್ಲಿದೆ. ಕನ್ನಡದಲ್ಲಿ ಅದು ಸಹಿ. ಅದರ ನೆಂಟ ಪದ ರುಜುವಾತು ನಮ್ಮಲ್ಲಿ ಸಾಕ್ಷ್ಯ, ಆಧಾರ. ಯು. ಆರ್. ಅನಂತಮೂರ್ತಿಯವರ ಸಾಹಿತ್ಯ ಪತ್ರಿಕೆಯ ಹೆಸರಾಗಿ ನಮ್ಮ ಓದುಗರಿಗೆ ಅದು ಪರಿಚಿತ. ಸಹಿಗೂ ಸಾಕ್ಷ್ಯಕ್ಕೂ ಒಂದೇ ಬೇರನ್ನು ಕೊಟ್ಟ ಭಾಷೆ, ಒಂದು ಸಾಮಾಜಿಕ ಒಪ್ಪಂದವನ್ನೂ ಹೇಳುತ್ತಿದೆ: ರುಜು ಹಾಕಿದವನು ಅಲ್ಲಿ ಹಾಜರಿದ್ದ, ಆದ್ದರಿಂದ ಹೊಣೆ ಅವನದು.

ಒಬ್ಬ ಮನುಷ್ಯನ ಖಾತೆಗೆ ಇಷ್ಟು ಸಾಕು. ಕಂಪನಿಗೆ ಸಾಲದು. ಕಾನೂನಿನ ಕಣ್ಣಿನಲ್ಲಿ ಕಂಪನಿ ಒಬ್ಬ ವ್ಯಕ್ತಿ. ಆಸ್ತಿ ಹೊಂದಬಹುದು, ಸಾಲ ಮಾಡಬಹುದು, ಮೊಕದ್ದಮೆ ಹೂಡಬಹುದು. ಆದರೆ ಆ ವ್ಯಕ್ತಿಗೆ ಕೈಯಿಲ್ಲ, ರುಜು ಮಾಡಲಾರದು. ಅದರ ಪರವಾಗಿ ಯಾರು ಬರೆಯಬೇಕು, ಎಷ್ಟು ಹಣಕ್ಕೆ ಒಬ್ಬರ ಸಹಿ ಸಾಕು, ಎಷ್ಟಕ್ಕೆ ಇಬ್ಬರದು ಬೇಕು, ಅವರು ಕೆಲಸ ಬಿಟ್ಟರೆ ಮುಂದೆ ಯಾರು ಎಂಬುದನ್ನೆಲ್ಲ ನಿರ್ದೇಶಕ ಮಂಡಳಿ ಗೊತ್ತುವಳಿ ಮಾಡಿ ಬ್ಯಾಂಕಿಗೆ ತಿಳಿಸಬೇಕು. ಬ್ಯಾಂಕು ಮಾದರಿ ಸಹಿಗಳ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು, ಚೆಕ್ಕು ಬಂದಾಗಲೆಲ್ಲ ಹೋಲಿಸಿ ನೋಡಬೇಕು. ಅಂದರೆ ಕಂಪನಿಯ ಖಾತೆಯಲ್ಲಿ ಎರಡು ಬೇರೆ ವಸ್ತುಗಳಿವೆ: ಒಂದು ಹಣ, ಇನ್ನೊಂದು ಅಧಿಕಾರ. ಹಣದ ಗಣಕೀಕರಣ ಒಂದು ಕಥೆ. ಅಧಿಕಾರದ ಗಣಕೀಕರಣ ಇನ್ನೊಂದು. ಅದು ಇನ್ನೂ ಮುಗಿದಿಲ್ಲ.

ಲೋಣಾವಳಾದ ಸುತ್ತಮುತ್ತಲೇ ಇದಕ್ಕೆ ಎರಡು ಹಳೆಯ ಉದಾಹರಣೆಗಳಿವೆ. ಘಟ್ಟದ ರೈಲುಮಾರ್ಗದ ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ, ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಗುತ್ತಿಗೆಯನ್ನು ಅವನ ಪತ್ನಿ ಆಲಿಸ್ ಟ್ರೆಡ್‌ವೆಲ್ ವಹಿಸಿಕೊಂಡು, ಎಂಜಿನಿಯರುಗಳನ್ನು ನೇಮಿಸಿ ಕೆಲಸ ಮುಂದುವರಿಸಿದಳು. ಸಹಿ ಹಾಕಬೇಕಾದವನು ಇಲ್ಲವಾದಾಗ ಅಧಿಕಾರ ಯಾರ ಕೈಗೆ ಹೋಗಬೇಕು ಎಂಬ ಪ್ರಶ್ನೆ ಅಂದಿನದೂ ಹೌದು, ಇಂದಿನದೂ ಹೌದು. ಎರಡನೆಯದು ಟಾಟಾ ಜಲವಿದ್ಯುತ್ ಕಂಪನಿ. 1910ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಲೋಣಾವಳಾ, ವಳವಣ, ಶಿರವಟಾಗಳಲ್ಲಿ ಮಳೆಯ ನೀರನ್ನು ಕಟ್ಟಿ, ಖೋಪೋಲಿಗೆ ಧುಮುಕಿಸಿ, 1915ರಿಂದ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ಕೆಲಸ ಘಟ್ಟದ ಮೇಲೆ, ಯಂತ್ರ ಘಟ್ಟದ ಕೆಳಗೆ, ಗಿರಾಕಿಗಳೂ ಆಡಳಿತ ಮಂಡಳಿಯೂ ಮುಂಬಯಿಯಲ್ಲಿ. ಹಣ ವ್ಯಯವಾಗುವ ಜಾಗ ಒಂದು, ಅದಕ್ಕೆ ರುಜು ಬೀಳುವ ಜಾಗ ಇನ್ನೊಂದು. ದೊಡ್ಡ ಕಂಪನಿಯೆಂದರೆ ಈ ಅಂತರ.

ಮುಖ ನೋಡಿ ನಂಬಿದವರು

ಇದೇ ಕಾಲಕ್ಕೆ ನಮ್ಮ ಕರಾವಳಿಯಲ್ಲಿ ಬೇರೆ ಬಗೆಯ ಬ್ಯಾಂಕಿಂಗ್ ಹುಟ್ಟುತ್ತಿತ್ತು. 1906ರ ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭಿಸಿದರು. ಅದು ಮುಂದೆ ಕಾರ್ಪೊರೇಶನ್ ಬ್ಯಾಂಕಾಯಿತು. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಕೆನರಾ ಬ್ಯಾಂಕಾಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಎನಿಸಿಕೊಂಡ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಬಂದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟನು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದ. ಅಲ್ಲಿ ರುಜುವಿಗಿಂತ ಮೊದಲು ಮುಖ. ಏಜೆಂಟನಿಗೆ ಮನೆಯವರ ಗುರುತು, ಮನೆಯವರಿಗೆ ಏಜೆಂಟನ ಗುರುತು. ಇಡೀ ವ್ಯವಸ್ಥೆಯ ಬಂಡವಾಳವೇ ಪರಿಚಯ.

ಈ ಬ್ಯಾಂಕುಗಳು ಘಟ್ಟ ಹತ್ತಿ ಮುಂಬಯಿ, ಪುಣೆಗಳಿಗೆ ಬಂದಾಗ ಅವುಗಳ ಹಿಂದೆ ನಮ್ಮ ಹೋಟೆಲಿನವರೂ ಗುಮಾಸ್ತರೂ ಬಂದರು. ಅಥವಾ ಅವರ ಹಿಂದೆ ಬ್ಯಾಂಕುಗಳು ಬಂದವು. ಹೊರನಾಡ ಕನ್ನಡಿಗನಿಗೆ ಕರಾವಳಿಯ ಬ್ಯಾಂಕಿನ ಶಾಖೆ ಹಣದ ಜಾಗದಷ್ಟೇ ಮಾತಿನ ಜಾಗವೂ ಆಗಿತ್ತು. ಆದರೆ ಮಹಾನಗರದಲ್ಲಿ ಎದುರಾದ ದೊಡ್ಡ ಗಿರಾಕಿಗೆ ಮುಖವಿರಲಿಲ್ಲ. ಅದು ಕಂಪನಿ.

ಕಂಪನಿಯ ಚಿಂತೆ ಬೇರೆ. ಹುಬ್ಬಳ್ಳಿ, ಕೊಲ್ಹಾಪುರ, ಸೊಲ್ಲಾಪುರಗಳ ವ್ಯಾಪಾರಿಗಳು ಸರಕು ಪಡೆದು ತಮ್ಮ ಊರಿನ ಬ್ಯಾಂಕಿನ ಚೆಕ್ಕು ಕೊಡುತ್ತಾರೆ. ಆ ಚೆಕ್ಕು ಅಂಚೆಯಲ್ಲಿ ಹೋಗಿ, ಪಾಸಾಗಿ, ಹಣ ಮುಂಬಯಿಯ ಖಾತೆಗೆ ಬರಲು ಹಲವು ದಿನ ಬೇಕು. ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ: ದಿನಕ್ಕೆ 10 ಲಕ್ಷ ರೂಪಾಯಿ ವಸೂಲಾಗುವ ಕಂಪನಿಗೆ ಚೆಕ್ಕು ಹಣವಾಗಲು 10 ದಿನ ಹಿಡಿದರೆ, ಯಾವ ದಿನ ನೋಡಿದರೂ 1 ಕೋಟಿ ರೂಪಾಯಿ ದಾರಿಯ ಮೇಲೆಯೇ ಇರುತ್ತದೆ. ಶೇಕಡಾ 15ರ ಬಡ್ಡಿಯ ಕಾಲದಲ್ಲಿ ಆ ದಾರಿಯ ಸುಂಕ ವರ್ಷಕ್ಕೆ 15 ಲಕ್ಷ. ಅವಸರವಿದ್ದರೆ ತಂತಿ ಮೂಲಕ ಹಣ ಕಳುಹಿಸಬಹುದಿತ್ತು. ಆದರೆ ತಂತಿಗೆ ಸಹಿ ಇಲ್ಲ. ಆದ್ದರಿಂದ ಬ್ಯಾಂಕುಗಳು ರಹಸ್ಯ ಸಂಖ್ಯೆಗಳ ಪುಸ್ತಕ ಇಟ್ಟುಕೊಂಡು, ಮೊತ್ತ, ದಿನಾಂಕ, ಶಾಖೆಗಳಿಂದ ಲೆಕ್ಕ ಹಾಕಿದ ಪರೀಕ್ಷಾ ಸಂಖ್ಯೆಯೊಂದನ್ನು ಸಂದೇಶಕ್ಕೆ ಸೇರಿಸುತ್ತಿದ್ದವು. ಸಹಿಯಿಲ್ಲದೆ ಸಾಕ್ಷ್ಯ ಒದಗಿಸಿದ ಮೊದಲ ಪ್ರಯತ್ನಗಳಲ್ಲಿ ಅದು ಒಂದು. ರುಜುವೂ ರುಜುವಾತೂ ಬೇರೆ ಬೇರೆಯಾಗತೊಡಗಿದ್ದು ಅಲ್ಲಿಂದ.

ಪುಣೆಯಲ್ಲಿ ಹುಟ್ಟಿ ಬೆಂಗಳೂರಿಗೆ ಹೋದದ್ದು

ಭಾರತದ ಬ್ಯಾಂಕುಗಳಿಗೆ ಗಣಕ ಸುಲಭವಾಗಿ ಬರಲಿಲ್ಲ. ನೌಕರಿ ಹೋಗುವ ಭಯ ನಿಜವಾದದ್ದಾಗಿತ್ತು. 1983ರಲ್ಲಿ ನೌಕರರ ಸಂಘಗಳೊಂದಿಗೆ ಒಪ್ಪಂದವಾಯಿತು. 1984ರಲ್ಲಿ ರಿಸರ್ವ್ ಬ್ಯಾಂಕಿನ ಸಿ. ರಂಗರಾಜನ್ ಅವರ ಸಮಿತಿ ಯಾಂತ್ರೀಕರಣದ ದಾರಿ ತೋರಿಸಿತು. ಆ ದಶಕದ ಉತ್ತರಾರ್ಧದಲ್ಲಿ ಮಹಾನಗರಗಳ ಚೆಕ್ಕುಗಳನ್ನು ಕಾಂತೀಯ ಶಾಯಿಯ ಅಂಕಿಗಳಿಂದ ಯಂತ್ರ ವಿಂಗಡಿಸತೊಡಗಿತು. ಮುಂದೆ ದೊಡ್ಡ ಕಂಪನಿಗಳಿಗಾಗಿ ನಗದು ನಿರ್ವಹಣೆಯ ಸೇವೆ ಬಂತು. ಊರೂರಿನ ಚೆಕ್ಕುಗಳನ್ನು ಬ್ಯಾಂಕೇ ಅಲ್ಲಲ್ಲೇ ಸಂಗ್ರಹಿಸಿ, ನಿಗದಿಯಾದ ದಿನಕ್ಕೆ ಒಟ್ಟು ಮೊತ್ತವನ್ನು ಕಂಪನಿಯ ಒಂದೇ ಖಾತೆಗೆ ಸೇರಿಸುವ ಏರ್ಪಾಡು ಇದು. ಸಾರ್ವಜನಿಕ ವಲಯದಲ್ಲಿ ಈ ಸೇವೆಯ ಹಾದಿ ತೆರೆದವರಲ್ಲಿ ಉಡುಪಿಯ ಅದೇ ಕಾರ್ಪೊರೇಶನ್ ಬ್ಯಾಂಕು ಮುಂಚೂಣಿಯಲ್ಲಿತ್ತು. ಮುಖ ನೋಡಿ ಸಾಲ ಕೊಟ್ಟವರ ಬ್ಯಾಂಕು, ಮುಖವಿಲ್ಲದ ಗಿರಾಕಿಯ ಹಣವನ್ನು ದಾರಿಯಿಂದ ಎತ್ತಿ ಮನೆ ಸೇರಿಸುವ ಕೆಲಸಕ್ಕೂ ಮುಂದಾಯಿತು.

ಇತ್ತ ಪುಣೆಯಲ್ಲಿ 1981ರ ಜುಲೈಯಲ್ಲಿ ಏಳು ಜನ ಎಂಜಿನಿಯರುಗಳು ಇನ್ಫೋಸಿಸ್ ಕಟ್ಟಿದರು. ಆರಂಭದ ಬಂಡವಾಳವಾದ 10,000 ರೂಪಾಯಿ ಸುಧಾ ಮೂರ್ತಿಯವರ ಉಳಿತಾಯದಿಂದ ಬಂದದ್ದು ಎಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ. 1983ರಲ್ಲಿ ಕಂಪನಿ ಬೆಂಗಳೂರಿಗೆ ಹೋಯಿತು. ಅಲ್ಲಿ ಅದು ರೂಪಿಸಿದ ಬ್ಯಾಂಕ್ಸ್ 2000 ಎಂಬ ತಂತ್ರಾಂಶವನ್ನು 1994ರಲ್ಲಿ ಹುಟ್ಟಿದ ಐಸಿಐಸಿಐ ಬ್ಯಾಂಕು ತನ್ನ ಆರಂಭದ ಕಾಲದಲ್ಲೇ ಆಯ್ದುಕೊಂಡಿತು. ದಶಕದ ಕೊನೆಗೆ ಅದೇ ಫಿನಾಕಲ್ ಆಗಿ ಬೆಳೆದು ದೇಶವಿದೇಶಗಳ ಬ್ಯಾಂಕುಗಳನ್ನು ತಲುಪಿತು. ಕರ್ಣಾಟಕ ಬ್ಯಾಂಕು ಕೂಡ ಅದನ್ನೇ ಆರಿಸಿಕೊಂಡಿತು.

ಈ ತಂತ್ರಾಂಶಗಳು ಮಾಡಿದ ದೊಡ್ಡ ಬದಲಾವಣೆ ಒಂದು ವಾಕ್ಯದ್ದು: ಗಿರಾಕಿ ಶಾಖೆಯವನಾಗಿ ಉಳಿಯದೆ ಬ್ಯಾಂಕಿನವನಾದ. ಅದಕ್ಕೂ ಮೊದಲು ಲೋಣಾವಳಾದ ಖಾತೆಯ ಲೆಡ್ಜರು ಲೋಣಾವಳಾದಲ್ಲೇ ಇರುತ್ತಿತ್ತು. ಈಗ ಲೆಡ್ಜರು ಎಲ್ಲೋ ಒಂದು ಗಣಕ ಕೇಂದ್ರದಲ್ಲಿ, ಶಾಖೆ ಅದರ ಒಂದು ಕಿಟಕಿ. ಕಂಪನಿಯ ಖಜಾಂಚಿಗೆ ನೂರು ಊರಿನ ಶಿಲ್ಕು ಒಂದೇ ಪರದೆಯ ಮೇಲೆ ಕಾಣತೊಡಗಿತು. ಎರಡು ಸಹಿಗಳ ಹಳೆಯ ನಿಯಮ ಹೊಸ ರೂಪ ತಾಳಿತು: ಒಬ್ಬ ದಾಖಲಿಸಬೇಕು, ಇನ್ನೊಬ್ಬ ಒಪ್ಪಬೇಕು, ದಾಖಲಿಸಿದವನೇ ಒಪ್ಪುವಂತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು.

ಹಣದ ಹಳಿ ವೇಗವಾಗಿ ಬಿತ್ತು. 2004ರ ಮಾರ್ಚ್ 26ರಂದು ದೊಡ್ಡ ಮೊತ್ತಗಳನ್ನು ಆ ಕ್ಷಣವೇ ಇತ್ಯರ್ಥ ಮಾಡುವ ಆರ್‌ಟಿಜಿಎಸ್ ಬಂತು. 2005ರ ನವೆಂಬರ್‌ನಲ್ಲಿ ನೆಫ್ಟ್. ಚೆಕ್ಕಿನ ಕಾಗದಕ್ಕೆ ಬದಲಾಗಿ ಅದರ ಚಿತ್ರ ಮಾತ್ರ ಪ್ರಯಾಣಿಸುವ ಪದ್ಧತಿ 2008ರಲ್ಲಿ ದೆಹಲಿಯಲ್ಲಿ ಆರಂಭವಾಗಿ 2013ರಲ್ಲಿ ಮುಂಬಯಿಗೆ ತಲುಪಿತು. ಅದೇ 2013ರ ಜುಲೈಯಲ್ಲಿ ದೇಶದ ತಂತಿ ಸೇವೆ ನಿಂತಿತು. 2019ರ ಡಿಸೆಂಬರ್‌ನಲ್ಲಿ ನೆಫ್ಟ್, ಮರುವರ್ಷ ಅದೇ ತಿಂಗಳಲ್ಲಿ ಆರ್‌ಟಿಜಿಎಸ್ ಹಗಲಿರುಳೂ ತೆರೆದುಕೊಂಡವು. ದಾರಿಯ ಮೇಲೆ ಸದಾ ಉಳಿಯುತ್ತಿದ್ದ ಆ ಕೋಟಿ ರೂಪಾಯಿ ಈಗ ಕ್ಷಣಮಾತ್ರದ್ದು.

ಉಳಿದ ಘಟ್ಟ

ಆದರೆ ಅಧಿಕಾರದ ಹಳಿ? ಕಂಪನಿಯೊಂದರ ಸಹಿಯ ಅಧಿಕಾರಿ ನಿವೃತ್ತನಾದ ಎಂದುಕೊಳ್ಳೋಣ. ಕಂಪನಿಗೆ ಹತ್ತು ಬ್ಯಾಂಕುಗಳಲ್ಲಿ ನೂರಾರು ಖಾತೆಗಳಿವೆ. ಮಂಡಳಿ ಗೊತ್ತುವಳಿ ಮಾಡಬೇಕು. ಪ್ರತಿ ಬ್ಯಾಂಕಿಗೂ ಅದರದೇ ನಮೂನೆಯಲ್ಲಿ ಪತ್ರ, ಹೊಸಬರ ಗುರುತಿನ ದಾಖಲೆ, ಮಾದರಿ ಸಹಿ ಹೋಗಬೇಕು. ಕಾಗದ ಶಾಖೆಯಿಂದ ಕೇಂದ್ರಕ್ಕೆ ಹೋಗಿ ಗಣಕದಲ್ಲಿ ದಾಖಲಾಗುವವರೆಗೆ ಹಳಬನ ಹೆಸರೇ ಅಲ್ಲಿರುತ್ತದೆ. ಹಣ ಕ್ಷಣದಲ್ಲಿ ಓಡುವ ಜಗತ್ತಿನಲ್ಲಿ, ಅದನ್ನು ಓಡಿಸುವ ಅಧಿಕಾರ ಲಕೋಟೆಯಲ್ಲಿ ನಡೆಯುತ್ತದೆ. ಖೋಪೋಲಿಯಲ್ಲಿ ಇಳಿದು ಪಲ್ಲಕ್ಕಿ ಏರುವುದು ಎಂದರೆ ಇದೇ.

ಜಗತ್ತಿನಾದ್ಯಂತ ಸಮಸ್ಯೆ ಇದೇ. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಕಟ್ಟಿದ ಸ್ವಿಫ್ಟ್ ಎಂಬ ಸಂದೇಶಜಾಲ ಹಣದ ಆದೇಶಗಳಿಗೆ ಸಮಾನ ವ್ಯಾಕರಣ ಕೊಟ್ಟಿತು. ಖಾತೆ ತೆರೆಯುವುದು, ಮುಚ್ಚುವುದು, ಸಹಿಯ ಅಧಿಕಾರ ಬದಲಿಸುವುದು ಇವುಗಳಿಗೂ ಅಂಥದೇ ಸಂದೇಶಗಳು ಐಎಸ್‌ಒ 20022 ಎಂಬ ಹೊಸ ವ್ಯಾಕರಣದಲ್ಲಿ ಬಹಳ ಹಿಂದೆಯೇ ಸಿದ್ಧವಾಗಿವೆ. 2013ರಲ್ಲಿ ನಮ್ಮ ಆರ್‌ಟಿಜಿಎಸ್ ಹಣದ ಸಂದೇಶಗಳಿಗೆ ಈ ವ್ಯಾಕರಣವನ್ನು ಸ್ವೀಕರಿಸಿತು. ಅಧಿಕಾರದ ಸಂದೇಶಗಳ ಬಳಕೆ ಮಾತ್ರ ಅದೇ ವೇಗದಲ್ಲಿ ಹಬ್ಬಲಿಲ್ಲ. ಕಾರಣ ತಂತ್ರಜ್ಞಾನದ ಕೊರತೆಯಲ್ಲ. ಒಂದೊಂದು ದೇಶದ ಕಾನೂನು ಒಂದೊಂದು ಬಗೆ, ಒಂದೊಂದು ಬ್ಯಾಂಕಿನ ಎಚ್ಚರ ಒಂದೊಂದು ಬಗೆ. ಯಾರನ್ನು ನಂಬಬೇಕು ಎಂಬುದನ್ನು ಇನ್ನೊಬ್ಬರ ಯಂತ್ರಕ್ಕೆ ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಈ ಅಂತರದಲ್ಲಿ ಏನು ಜಾರಬಹುದು ಎಂಬುದನ್ನು 2018ರ ಫೆಬ್ರವರಿ ತೋರಿಸಿತು. ಮುಂಬಯಿಯ ತನ್ನ ಒಂದು ಶಾಖೆಯಲ್ಲಿ ಸುಮಾರು 11,400 ಕೋಟಿ ರೂಪಾಯಿಯ ವಂಚನೆ ನಡೆದಿದೆ ಎಂದು ಪಂಜಾಬ್ ನ್ಯಾಷನಲ್ ಬ್ಯಾಂಕು ಪ್ರಕಟಿಸಿತು. ವಿದೇಶದ ಬ್ಯಾಂಕು ಶಾಖೆಗಳಿಗೆ ಖಾತರಿಯ ಸಂದೇಶಗಳು ಸ್ವಿಫ್ಟ್ ಮೂಲಕ ಹೋಗಿದ್ದವು. ಬ್ಯಾಂಕಿನ ಮುಖ್ಯ ಲೆಡ್ಜರಿನಲ್ಲಿ ಅವುಗಳ ದಾಖಲೆ ಇರಲಿಲ್ಲ. ಎರಡೂ ವ್ಯವಸ್ಥೆಗಳು ಗಣಕದವೇ. ಕೊರತೆ ಇದ್ದದ್ದು ನಡುವಣ ಕೊಂಡಿಯಲ್ಲಿ: ಒಂದರಿಂದ ಇನ್ನೊಂದಕ್ಕೆ ಮನುಷ್ಯನೇ ಕೈಯಿಂದ ಬರೆಯಬೇಕಿತ್ತು, ಬರೆಯಲಿಲ್ಲ. ಆ ವರ್ಷದ ಏಪ್ರಿಲ್ ಕೊನೆಯೊಳಗೆ ಎರಡನ್ನೂ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತು. ಘಟ್ಟಕ್ಕೆ ಹಳಿ ಹಾಕಿಸಿದ್ದು ಅಪಘಾತ.

ಇನ್ನೊಂದು ಬದಲಾವಣೆ ನಿಯಮದಿಂದ ಬಂತು. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು, ಸಾಲದ ಸೌಲಭ್ಯವಿರುವ ಕಂಪನಿಗಳು ಬೇಕಾದ ಬ್ಯಾಂಕುಗಳಲ್ಲೆಲ್ಲ ಚಾಲ್ತಿ ಖಾತೆ ಇಡದಂತೆ ಬಿಗಿ ಮಾಡಿತು. ಸಾಲದ ಹಣ ಕಣ್ಣಿಗೆ ಕಾಣದ ಖಾತೆಗೆ ಹರಿದುಹೋಗಬಾರದು ಎಂಬುದು ಉದ್ದೇಶ. ಉದ್ದೇಶ ಸರಿಯಾದದ್ದೇ. ಆದರೆ ಖಾತೆಗಳು ಮುಚ್ಚತೊಡಗಿದಾಗ ವ್ಯವಹಾರಸ್ಥರ ತೊಂದರೆ ಕಂಡು 2021ರ ಅಕ್ಟೋಬರ್ ಕೊನೆಯವರೆಗೆ ಗಡುವು ವಿಸ್ತರಿಸಬೇಕಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಬ್ಯಾಂಕುಗಳೂ ವಿಲೀನವಾದವು: 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ. ಹಳೆಯ ಚೆಕ್ಕು ಪುಸ್ತಕಗಳೂ ಶಾಖೆಗಳ ಸಂಕೇತಗಳೂ ಬದಲಾದವು. ಹಾಜಿ ಅಬ್ದುಲ್ಲಾರ ಬ್ಯಾಂಕಿನ ಹೆಸರು ಫಲಕದಿಂದ ಇಳಿಯಿತು.

ಹೆಸರಿನ ಮರಳುವಿಕೆ

ಇಷ್ಟೆಲ್ಲ ಆದಮೇಲೂ ಒಂದು ಚಿಕ್ಕ ಸಂಗತಿ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಆರ್‌ಟಿಜಿಎಸ್, ನೆಫ್ಟ್‌ಗಳಲ್ಲಿ ಹಣ ಸೇರುತ್ತಿದ್ದದ್ದು ಖಾತೆಯ ಸಂಖ್ಯೆಯನ್ನು ಮಾತ್ರ ನೋಡಿ. ಪಡೆಯುವವರ ಹೆಸರನ್ನು ನಾವು ಬರೆಯುತ್ತಿದ್ದೆವು, ಯಂತ್ರ ಅದನ್ನು ಹೋಲಿಸಬೇಕಾಗಿರಲಿಲ್ಲ. ಲೋಣಾವಳಾದಲ್ಲಿ ಚಿಕ್ಕಿ ತಯಾರಿಸಿ ಮಹಾನಗರದ ದೊಡ್ಡ ಮಳಿಗೆಗೆ ಕಳುಹಿಸುವ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. ಅವನ ಹೆಸರಿನಲ್ಲಿ ಯಾರೋ ಮೋಸಗಾರ ಕಂಪನಿಗೆ ಪತ್ರ ಬರೆದು, ನಮ್ಮ ಖಾತೆ ಬದಲಾಗಿದೆ, ಇನ್ನು ಈ ಸಂಖ್ಯೆಗೆ ಕಳುಹಿಸಿ ಎನ್ನುತ್ತಾನೆ. ಕಂಪನಿಯಲ್ಲಿ ಒಬ್ಬ ದಾಖಲಿಸುತ್ತಾನೆ, ಇನ್ನೊಬ್ಬ ಒಪ್ಪುತ್ತಾನೆ, ನಿಯಮ ಪೂರ್ತಿಯಾಗಿ ಪಾಲನೆಯಾಗುತ್ತದೆ. ಹಣ ಕ್ಷಣದಲ್ಲಿ ಬೇರೊಬ್ಬನ ಖಾತೆ ಸೇರುತ್ತದೆ. ಇಂಥ ವಂಚನೆ ಈಗ ಜಗತ್ತಿನ ಎಲ್ಲೆಡೆ ಪರಿಚಿತ. ಅಲ್ಲಿ ರುಜು ಸರಿಯಾಗಿಯೇ ಇತ್ತು, ರುಜುವಾತು ಇರಲಿಲ್ಲ.

ಹಣ ಕಳುಹಿಸುವ ಮೊದಲು ಖಾತೆದಾರನ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತು. ಆರ್‌ಟಿಜಿಎಸ್ ಬಂದು ಆಗ 21 ವರ್ಷ. ಎರಡಾಣೆ ಸಂಗ್ರಹಿಸಲು ಮನೆಮನೆಗೆ ಹೋಗುತ್ತಿದ್ದ ಪಿಗ್ಮಿ ಏಜೆಂಟನು ಬಾಗಿಲಲ್ಲಿ ನಿಂತು ಮೊದಲು ಮಾಡುತ್ತಿದ್ದ ಕೆಲಸ, ಹೆಸರು ಕರೆಯುವುದು, ಯಂತ್ರಕ್ಕೆ ಅಷ್ಟು ತಡವಾಗಿ ನೆನಪಾಯಿತು.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ. ಮುಖಪರಿಚಯದ ಬ್ಯಾಂಕಿಂಗಿನಲ್ಲಿ ಪರಿಚಯವಿಲ್ಲದವನು ಹೊರಗೇ ನಿಲ್ಲಬೇಕಿತ್ತು. ಹೋಲಿಸುವ ಕಣ್ಣಿಗೆ ಸಹಿಯ ನಕಲು ತಿಳಿಯದೆಯೂ ಹೋಗುತ್ತಿತ್ತು. ಯಂತ್ರ ಅನೇಕ ಅನ್ಯಾಯಗಳನ್ನು ತೊಡೆದಿದೆ. ಆದರೆ ಈ ಚರಿತ್ರೆಯಿಂದ ಒಂದು ಮಾತು ಸ್ಪಷ್ಟ. ಹಣವನ್ನು ಚಲಿಸುವಂತೆ ಮಾಡುವುದು ಎಂಜಿನಿಯರುಗಳ ಕೆಲಸ, ಅದನ್ನು ಅವರು ಸೊಗಸಾಗಿ ಮಾಡಿದ್ದಾರೆ. ಯಾರ ಮಾತಿಗೆ ಹಣ ಚಲಿಸಬೇಕು, ತಪ್ಪಿದರೆ ಯಾರು ಎದುರು ಬಂದು ನಿಲ್ಲಬೇಕು ಎಂಬುದನ್ನು ಸಮಾಜ ನಿರ್ಧರಿಸಬೇಕು. 2015ರಲ್ಲಿ ಕಂಪನಿಗಳಿಗೆ ಮುದ್ರೆ ಕಡ್ಡಾಯವಲ್ಲ ಎಂದು ಕಾನೂನು ತಿದ್ದುಪಡಿಯಾಯಿತು. ನಾಳೆ ಶಾಯಿಯ ಸಹಿಯೂ ಹೋಗಬಹುದು. ಹೋಗಲಿ. ಆದರೆ ರುಜು ಎಂಬ ಮಾತಿನ ಒಳಗಿರುವ ಹಾಜರಾಗುವುದು ಎಂಬ ಅರ್ಥ ಅದರ ಜೊತೆ ಹೋಗಬಾರದು. ಕೈಯಿಲ್ಲದ ವ್ಯಕ್ತಿಯ ಪರವಾಗಿ ಒಪ್ಪಿಗೆಯ ಗುಂಡಿ ಒತ್ತುವವನು, ಕರೆದಾಗ ಹೆಸರು ಹೇಳಿ ಬಾಗಿಲಿಗೆ ಬರಬೇಕು.